ಛತ್ರದಲ್ಲಿ ಬಿಟ್ಟು ಬಂದವರು

ಸಂತ ಲೂಕನ ಶುಭಸಂದೇಶದಲ್ಲಿ ಬರುವ ದಯಾಮಯ ಸಮಾರಿತನ ಸಾಮತಿಯನ್ನು ಕೇಳದ ಕಥೋಲಿಕ ಮನೆ ನಮ್ಮಲ್ಲಿ ಇರಲಾರದು. ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹುಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ ಆ ಸಮಾರಿತನು ಅಲ್ಲಿಯೇ ಉಳಿಯಲಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಅವನಿಗೆ ಅವನ ಕೆಲಸವಿತ್ತು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎಂದು ಹೇಳಿ ಹೊರಟನು. ಗಾಯಾಳುವನ್ನು ಪರರ ಕೈಗೆ ಒಪ್ಪಿಸಿದ್ದಕ್ಕಾಗಿ ಪ್ರಭುವು ಅವನನ್ನು ಆಕ್ಷೇಪಿಸಲಿಲ್ಲ. ಆದರೆ ಹಿಂದಿರುಗಿ ಬರುತ್ತೇನೆಂಬ ಆ ಮಾತು ಇಲ್ಲದಿದ್ದರೆ ಕಥೆಗೆ ಬೇರೆಯೇ ಅರ್ಥ ಬರುತ್ತಿತ್ತು. ಹಣ ಕೊಟ್ಟವನು ಮತ್ತೆ ಬರುತ್ತಾನೆಂದು ಛತ್ರದವನಿಗೂ ಗೊತ್ತಿರಬೇಕು, ಹಾಸಿಗೆಯಲ್ಲಿ ಮಲಗಿದವನಿಗೂ ಗೊತ್ತಿರಬೇಕು.

ಇಂದು ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕುಟುಂಬಗಳೂ ತಮ್ಮ ಹಿರಿಯರನ್ನು ಇಂಥ ಛತ್ರಗಳಿಗೆ ಒಪ್ಪಿಸತೊಡಗಿವೆ. ನರ್ಸಿಂಗ್ ಹೋಂ ಎಂದರೆ ನಮ್ಮ ಊರುಗಳಲ್ಲಿ ಇಂದಿಗೂ ಹೆರಿಗೆಗೆ, ಜ್ವರಕ್ಕೆ ಸೇರಿಸುವ ಖಾಸಗಿ ಆಸ್ಪತ್ರೆಯೆಂದೇ ಅರ್ಥ. ನಾವು ಇಲ್ಲಿ ಹೇಳಹೊರಟಿರುವುದು ಹಾಸಿಗೆ ಹಿಡಿದ, ನೆನಪು ಕಳೆದುಕೊಂಡ, ಒಂಟಿಯಾದ ವೃದ್ಧರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಿಸಿಕೊಳ್ಳುವ ವೃದ್ಧಾಶ್ರಮಗಳ ಹಾಗೂ ಆರೈಕೆ ಕೇಂದ್ರಗಳ ವಿಷಯ. ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ದುಡಿಯುತ್ತಾರೆ. ಸೊಸೆಯೂ ಬೆಳಗಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾಳೆ. ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆಗೂಡು ಬಿಚ್ಚಾಣಿಕೆ ಮಾಡಿ, ಬಿಸಿನೀರಿನಲ್ಲಿ ಬೆರಳು ಬೆಂದ ತಾಯಿಗೆ ಈಗ ತುತ್ತನ್ನು ಬಾಯಿಗಿಡುವವರು ಬೇಕು, ರಾತ್ರಿ ಹೊರಳಿಸಿ ಮಲಗಿಸುವವರು ಬೇಕು. ಇಂಥ ಸ್ಥಿತಿಯಲ್ಲಿ ಆಶ್ರಮವನ್ನು ಆರಿಸಿಕೊಂಡ ಮಕ್ಕಳನ್ನೆಲ್ಲ ನಿರ್ದಯಿಗಳೆಂದು ಜರೆಯುವುದು ಪೂಜೆಯ ಪ್ರಸಂಗಗಳಲ್ಲಿಯೂ ವಾಡಿಕೆಯಾಗಿದೆ. ಆ ಜರೆತಕ್ಕೆ ನಮ್ಮ ಸಮ್ಮತಿಯಿಲ್ಲ. ಮನೆಯಲ್ಲಿಯೇ ಇರಿಸಿಕೊಂಡು ಬೈಗುಳದ ಅನ್ನ ಹಾಕುವುದಕ್ಕಿಂತ ಸೇರಿಸುವುದು ಲೇಸಾದೀತು.

ಆದರೆ ಸೇರಿಸಿದ ಮೇಲೆ? ಸಂತ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಫರಿಸಾಯರನ್ನು ಕಟುವಾಗಿ ಖಂಡಿಸುವ ಒಂದು ಸಂದರ್ಭವಿದೆ. ತನ್ನ ಹಣವನ್ನು ದೇವರಿಗೆ ಮೀಸಲೆಂದು ಸಾರಿದವನು ಇನ್ನು ತಂದೆತಾಯಿಗೆ ನೆರವಾಗಬೇಕಿಲ್ಲವೆಂದು ಆ ಜನ ಬೋಧಿಸುತ್ತಿದ್ದರು. ತಿಂಗಳ ಒಂದನೆಯ ತಾರೀಖಿಗೆ ಶುಲ್ಕ ತುಂಬಿದೊಡನೆ ನಾಲ್ಕನೆಯ ಆಜ್ಞೆ ನೆರವೇರಿತೆಂದು ಭಾವಿಸುವವರು ಅವರ ಸಂತತಿಯೇ ಸರಿ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ಮಾರ್ಚ್ 4ರಂದು ತಮ್ಮ ಬುಧವಾರದ ಉಪದೇಶದಲ್ಲಿ ಬ್ಯೂನಸ್ ಐರಿಸ್‌ನ ಅನುಭವವೊಂದನ್ನು ಹೇಳಿದ್ದರು. ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿಯನ್ನು ಮಕ್ಕಳು ಬರುತ್ತಾರೆಯೇ ಎಂದು ಕೇಳಿದರೆ ಬರುತ್ತಲೇ ಇರುತ್ತಾರೆ ಎಂದಳಂತೆ. ಕೊನೆಯ ಸಲ ಬಂದದ್ದು ಯಾವಾಗ ಎಂದರೆ ಕ್ರಿಸ್ಮಸ್‌ಗೆ. ಆಗ ನಡೆಯುತ್ತಿದ್ದುದು ಆಗಸ್ಟ್ ತಿಂಗಳು. ಎಂಟು ತಿಂಗಳ ಆ ಅನುಪಸ್ಥಿತಿಯನ್ನು ಜಗದ್ಗುರುಗಳು ಮಾರಕ ಪಾಪವೆಂದೇ ಕರೆದರು. ಮಕ್ಕಳ ಮರ್ಯಾದೆ ಕಾಯಲು ಆ ಅಜ್ಜಿ ಸುಳ್ಳಾಡಿದ್ದನ್ನೂ ನಾವು ಮರೆಯಬಾರದು. ನಮ್ಮ ಹಿರಿಯರೂ ಹಾಗೆಯೇ ಸುಳ್ಳಾಡುತ್ತಾರೆ, ಮಕ್ಕಳ ಪರವಾಗಿ ಮಾತ್ರವಲ್ಲ, ಹೊಡೆಯುವ ಕೈಯ ಪರವಾಗಿಯೂ.

ಒಂದು ಭಾನುವಾರ ನೀವು ತಾಯಿಯನ್ನು ನೋಡಲು ಹೋಗಿದ್ದೀರಿ ಎಂದಿಟ್ಟುಕೊಳ್ಳೋಣ. ಆಕೆಯ ಮುಂಗೈಯ ಸುತ್ತ ಕಟ್ಟಿದಂತಹ ನೀಲಿ ಗುರುತು. ಕೇಳಿದರೆ ಬಾತ್‌ರೂಮಿನಲ್ಲಿ ಜಾರಿದೆ ಎನ್ನುತ್ತಾಳೆ, ಎನ್ನುವಾಗ ಬಾಗಿಲಿನತ್ತ ನೋಡುತ್ತಾಳೆ. ಇದೊಂದರಿಂದ ಏನನ್ನೂ ತೀರ್ಮಾನಿಸಲಾಗದು. ಮುಪ್ಪಿನ ಚರ್ಮ ತೆಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮಂಚದ ಅಂಚು ತಗುಲಿದರೂ ನೀಲಿಗಟ್ಟುತ್ತದೆ. ನೆನಪು ಕೆಟ್ಟವರು ತಾವೇ ಎತ್ತಿಟ್ಟ ಸರವನ್ನು ಆಯಾ ಕದ್ದಳೆಂದು ದೂರುವುದುಂಟು. ಆದರೆ ಬಿದ್ದವರ ಗಾಯ ಸಾಮಾನ್ಯವಾಗಿ ಮೊಣಕಾಲು, ಮೊಣಕೈ, ಹಣೆಗಳಲ್ಲಿರುತ್ತದೆ. ಎರಡೂ ತೋಳುಗಳಲ್ಲಿ ಬೆರಳಿನ ಗುರುತಾಗಲಿ, ಎರಡೂ ಮಣಿಕಟ್ಟುಗಳ ಸುತ್ತ ಪಟ್ಟೆಯಾಗಲಿ ಬೀಳುವುದರಿಂದ ಬರುವುದು ಅಪರೂಪ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಎದ್ದಿದೆಯೆಂದರೆ ಹೊರಳಿಸಿ ಮಲಗಿಸುವವರು ಗಂಟೆಗಟ್ಟಲೆ ಹತ್ತಿರ ಸುಳಿದಿಲ್ಲವೆಂಬ ಸಂದೇಹಕ್ಕೆ ಎಡೆಯುಂಟು. ತುಟಿ ಒಡೆದು ಕಣ್ಣು ಗುಳಿಬಿದ್ದಿದ್ದರೆ ನೀರು ಕುಡಿಸುತ್ತಿದ್ದಾರೋ ಎಂದು ಕೇಳಬೇಕು. ಎಷ್ಟು ಹೊತ್ತಿಗೆ ಹೋದರೂ ಮಂಪರಿನಲ್ಲಿಯೇ ಇರುತ್ತಾರೆಂದರೆ ಯಾವ ಮಾತ್ರೆ, ಯಾವ ವೈದ್ಯರು ಬರೆದದ್ದು, ಎಷ್ಟು ಪ್ರಮಾಣ ಎಂಬ ಚೀಟಿಯನ್ನು ಕಣ್ಣಾರೆ ನೋಡಬೇಕು. ಓಲೆ, ಉಂಗುರ, ಪಿಂಚಣಿಯ ಪುಸ್ತಕ, ಅಷ್ಟೇಕೆ, ಕೈಯಲ್ಲಿ ಸದಾ ಇರುತ್ತಿದ್ದ ಜಪಸರ ಕಾಣದಿದ್ದರೂ ವಿಚಾರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮನ್ನು ಅವರೊಡನೆ ಒಂಟಿಯಾಗಿ ಐದು ನಿಮಿಷ ಬಿಡಲು ಆಶ್ರಮದವರು ಒಪ್ಪದಿದ್ದರೆ, ನಿಗದಿತ ದಿನ ಬಿಟ್ಟು ಬಂದರೆ ಗೇಟು ತೆರೆಯದಿದ್ದರೆ, ಅದನ್ನು ಶಿಸ್ತು ಎಂದು ತಿಳಿದು ಸುಮ್ಮನಾಗಬಾರದು.

ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಪೂಜೆ ಕನ್ನಡ. ಕೆಲವರ ಮನೆಮಾತು ತಮಿಳು. ನೆನಪು ಮಾಸುತ್ತ ಹೋದಂತೆ ಹಿರಿಯರು ನಡುವೆ ಕಲಿತ ಭಾಷೆಗಳನ್ನು ಬಿಟ್ಟು ತಾಯಿಯ ಮಡಿಲಲ್ಲಿ ಕಲಿತ ನುಡಿಗೆ ಮರಳುತ್ತಾರೆ. ಅವರು ಸೇರಿರುವ ಆಶ್ರಮದಲ್ಲಿಯೋ ಹೊರರಾಜ್ಯಗಳಿಂದ ದುಡಿಯಲು ಬಂದ ಹುಡುಗಿಯರು ಹಿಂದಿಯಲ್ಲಿ ಮಾತನಾಡುತ್ತಾರೆ. ನೀಳ್ಳು ಎಂದು ಮಧ್ಯಾಹ್ನವಿಡೀ ಕೂಗಿದರೂ ಅದು ಅರಚಾಟವೆಂದೇ ಎಣಿಕೆಯಾಗುತ್ತದೆ. ಅರಚಾಟಕ್ಕೆ ಗದರಿಕೆ, ಗದರಿಕೆಗೆ ಬಗ್ಗದಿದ್ದರೆ ಮಾತ್ರೆ. ಇಲ್ಲಿ ದುಷ್ಟತನವೇ ಇರಬೇಕೆಂದಿಲ್ಲ. ಆದರೆ ಬಾಯಾರಿದವರಿಗೆ ನೀರು ಸಿಗಲಿಲ್ಲ ಎಂಬುದಂತೂ ನಿಜ. ಹತ್ತು ಅವಶ್ಯಕ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಅರ್ಥವನ್ನೂ ಬರೆದು, ಮಂಚದ ತಲೆದೆಸೆಗೆ ಅಂಟಿಸಿ ಬನ್ನಿ ಎಂದು ನಾವು ಸಲಹೆ ಮಾಡುತ್ತೇವೆ.

ಸಂದೇಹ ಮೂಡಿದ ಕುಟುಂಬ ಸಾಮಾನ್ಯವಾಗಿ ಮಾಡುವುದೇನು? ಮೌನ. ಹೆಲ್ಪ್ ಏಜ್ ಇಂಡಿಯಾ ಸಂಸ್ಥೆ 2018ರಲ್ಲಿ ದೇಶದ 23 ನಗರಗಳ ಹಿರಿಯರನ್ನು ವಿಚಾರಿಸಿ ಪ್ರಕಟಿಸಿದ ವರದಿಯಲ್ಲಿ, ದೌರ್ಜನ್ಯ ಅನುಭವಿಸಿದೆವೆಂದು ಹೇಳಿಕೊಂಡವರ ಪ್ರಮಾಣ ಎಲ್ಲಕ್ಕಿಂತ ಹೆಚ್ಚಾಗಿದ್ದುದು ನಮ್ಮ ರಾಜ್ಯದ ಮಂಗಳೂರಿನಲ್ಲಿ, ನೂರಕ್ಕೆ 47. ಕಥೋಲಿಕರ ದೇವಾಲಯಗಳೂ ಶಾಲೆಗಳೂ ಆಸ್ಪತ್ರೆಗಳೂ ಎಲ್ಲೆಡೆ ಕಾಣುವ ಊರು ಅದು. ಅಲ್ಲಿ ಹೇಳಿರುವುದು ಮುಖ್ಯವಾಗಿ ಮನೆಯೊಳಗಿನ ದೌರ್ಜನ್ಯ, ಆಶ್ರಮದ್ದಲ್ಲ. ಆದರೂ ನೊಂದವರಲ್ಲಿ ನೂರಕ್ಕೆ 82 ಮಂದಿ ಯಾರ ಬಳಿಯೂ ದೂರಲಿಲ್ಲವೆಂದು ಅದೇ ವರದಿ ಹೇಳಿತು. ತನ್ನ ಮನೆಯಲ್ಲಿ, ತನ್ನ ಊರಿನಲ್ಲಿ ಇರುವವರೇ ಬಾಯಿ ಬಿಡದಿದ್ದರೆ, ಊಟಕ್ಕೂ ಶೌಚಕ್ಕೂ ಅನ್ಯರ ಕೈ ಕಾಯುವವರು ಹೇಗೆ ಬಾಯಿ ಬಿಟ್ಟಾರು?

ಆದುದರಿಂದ ಕೇಳುವ ಹೊಣೆ ನಮ್ಮದು. ಕೇಳುವಾಗ ಅವಸರ ಬೇಡ. ಆಯಾ ಹೊಡೆದಳೇ ಎಂದು ನೇರವಾಗಿ ಕೇಳಿದರೆ ಹೌದೆಂಬ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತಾಗುತ್ತದೆ. ರಾತ್ರಿ ಹೊತ್ತು ಯಾರು ಬರುತ್ತಾರಮ್ಮ, ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಇಲ್ಲಿ ನಿಮಗೆ ಯಾರನ್ನು ಕಂಡರೆ ಹೆದರಿಕೆ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ದಿನಾಂಕ, ಹೊತ್ತು, ಕಂಡ ಗುರುತು, ಆಗ ಕರ್ತವ್ಯದಲ್ಲಿದ್ದವರ ಹೆಸರು ಇವೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರಲಿ. ಮೊಬೈಲ್ ಫೋನಿನಲ್ಲಿ ಗಾಯದ ಚಿತ್ರ ತೆಗೆಯಿರಿ. ಆದರೆ ಅದನ್ನು ಬಂಧುಬಳಗಕ್ಕೆಲ್ಲ ವಾಟ್ಸ್ಆಪ್‌ನಲ್ಲಿ ಹಂಚಬೇಡಿ. ಹಂಚಿದ ಚಿತ್ರದಿಂದ ತಾಯಿಯ ಮಾನವೂ ಹೋಗುತ್ತದೆ, ತಪ್ಪಿತಸ್ಥರಿಗೆ ಮುನ್ಸೂಚನೆಯೂ ಸಿಗುತ್ತದೆ. ಮತ್ತೊಮ್ಮೆ ಹೋಗುವಾಗ ಹೊತ್ತು ಬದಲಿಸಿ. ಭಾನುವಾರ ಹನ್ನೊಂದಕ್ಕೆ ಮಾತ್ರ ಬರುವವರಿಗೆ ಭಾನುವಾರ ಹನ್ನೊಂದರ ಆಶ್ರಮವಷ್ಟೇ ಕಾಣುತ್ತದೆ. ಚಿಂತಾಮಣಿಯಿಂದ ಬೆಂಗಳೂರಿನ ಅಂಚಿನ ಆಶ್ರಮಕ್ಕೆ ಎರಡು ಬಸ್ಸು ಬದಲಿಸಿ, ಅರ್ಧ ದಿನದ ಕೂಲಿ ಕಳೆದುಕೊಂಡು ಹೋಗುವವರ ಕಷ್ಟವನ್ನು ನಾವು ಬಲ್ಲೆವು. ಒಡಹುಟ್ಟಿದವರು ಸರದಿ ಹಾಕಿಕೊಂಡರೆ ಅದು ಸಾಧ್ಯವಾಗುವ ಮಾತು.

ಜೀವಕ್ಕೆ ಅಪಾಯವಿದೆ, ಪೆಟ್ಟು ದೊಡ್ಡದು ಎಂದು ಕಂಡರೆ ಪುಸ್ತಕ ಬರೆಯುತ್ತ ಕೂರುವ ಕಾಲವಲ್ಲ. 112ಕ್ಕೆ ಕರೆ ಮಾಡಿ, ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿನ ವೈದ್ಯರಿಗೆ ಸಂದೇಹವನ್ನು ಬಿಚ್ಚಿ ಹೇಳಿ, ಗಾಯಗಳನ್ನು ದಾಖಲೆ ಮಾಡಿಸಬೇಕು. ಮನೆಗೆ ಕರೆತಂದು ಅರಿಸಿನ ಹಚ್ಚಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ. ಅಷ್ಟು ತುರ್ತಿಲ್ಲದಿದ್ದರೆ ಮೊದಲು ಆಶ್ರಮದ ಮೇಲ್ವಿಚಾರಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯುವುದು ನ್ಯಾಯ. ಪ್ರಾಮಾಣಿಕವಾಗಿ ನಡೆಸುವವರು ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಬೇಕಾದರೆ ಕರೆದುಕೊಂಡು ಹೋಗಿ ಎಂದರೆ, ಮುಂದಿನ ಬಾಗಿಲು ತಟ್ಟಬೇಕು.

ಆ ಬಾಗಿಲುಗಳು ಯಾವುವು? 2021ರಿಂದ ನಡೆಯುತ್ತಿರುವ ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತ. ನಮ್ಮ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಮೇಲೆ ಜಿಲ್ಲಾಧಿಕಾರಿಗಳನ್ನು ಕಾಣಲು ಕೋಲಾರಕ್ಕೆ ಹೋಗಬೇಕಾಗಿಲ್ಲ. ಆಶ್ರಮ ಈ ಜಿಲ್ಲೆಯಲ್ಲಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾಡಳಿತ ಭವನದಲ್ಲಿ ಅವರಿಗೂ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೂ ಲಿಖಿತ ದೂರು ಕೊಡಬಹುದು. ಬೇರೆ ಜಿಲ್ಲೆಯಲ್ಲಿದ್ದರೆ ಆ ಜಿಲ್ಲೆಯ ಅಧಿಕಾರಿಗಳಿಗೆ. ವಕೀಲರಿಗೆ ಹಣವಿಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಮಹಿಳೆಯರಿಗಂತೂ ಆದಾಯದ ಮಿತಿಯೇ ಇಲ್ಲದೆ ಅಲ್ಲಿ ಉಚಿತ ನೆರವುಂಟು. ಆರೈಕೆ ಮಾಡುವೆನೆಂದು ಕರಾರು ಮಾಡಿಕೊಂಡು, ಅಸಹಾಯಕನಾದ ರೋಗಿಯನ್ನು ಬೇಕೆಂದೇ ನೋಡಿಕೊಳ್ಳದೆ ಬಿಡುವುದು ಅಪರಾಧವೆಂದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಂ ಹೇಳುತ್ತದೆ. ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 1860ರ ಹಳೆಯ ದಂಡಸಂಹಿತೆಯಲ್ಲಿಯೂ ಈ ಕಲಂ ಇತ್ತು, ದಂಡ ಇನ್ನೂರು ರೂಪಾಯಿ ಮೀರುತ್ತಿರಲಿಲ್ಲ. ಶಿಕ್ಷೆ ಸಾಲದೆಂದು ನಮಗೂ ಅನ್ನಿಸುತ್ತದೆ. ಹೊಡೆತಕ್ಕೆ, ಕೂಡಿಹಾಕುವುದಕ್ಕೆ ಬೇರೆ ಕಲಮುಗಳಿವೆ. ಇನ್ನು, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 24ನೆಯ ಕಲಂ ಹಿರಿಯರನ್ನು ಎಲ್ಲಿಯಾದರೂ ಬಿಟ್ಟು ಕೈತೊಳೆದುಕೊಳ್ಳುವವರಿಗೆ ಸಂಬಂಧಿಸಿದ್ದು. ಆಶ್ರಮದವರನ್ನು ದೂರಲು ಹೋಗುವ ಮಕ್ಕಳು ಅದನ್ನೂ ಓದಿಕೊಂಡು ಹೋಗುವುದು ಒಳ್ಳೆಯದು.

ಅಜ್ಜಿಯನ್ನು ಪೊಲೀಸ್ ಠಾಣೆಗೆ ಎಳೆಯಬೇಕೇ ಎಂಬ ಅಳುಕು ಎಷ್ಟೋ ಕುಟುಂಬಗಳನ್ನು ತಡೆಯುತ್ತದೆ. ಎಳೆಯಬೇಕಿಲ್ಲ. ಸ್ತ್ರೀಯರನ್ನೂ, ಅರವತ್ತು ದಾಟಿದ ಪುರುಷರನ್ನೂ, ತೀವ್ರ ಕಾಯಿಲೆಯವರನ್ನೂ ಸಾಕ್ಷ್ಯ ಕೇಳಲು ಅವರು ವಾಸಿಸುವ ಸ್ಥಳದಿಂದ ಬೇರೆಡೆಗೆ ಕರೆಸುವಂತಿಲ್ಲವೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಂ ವಿಧಿಸಿದೆ. ಪೊಲೀಸರೇ ಬರಬೇಕು.

ಬಹು ಕಠಿಣವಾದ ಪ್ರಸಂಗವೆಂದರೆ ತಾಯಿಯೇ ಕೈಹಿಡಿದು, ಯಾರಿಗೂ ಹೇಳಬೇಡಪ್ಪ, ನೀನು ಹೋದ ಮೇಲೆ ನಾನು ಇಲ್ಲಿಯೇ ಇರಬೇಕಲ್ಲ ಎನ್ನುವುದು. ಬುದ್ಧಿ ತಿಳಿಯಾಗಿರುವವರ ಮಾತನ್ನು ಮೀರಿ ನಡೆಯುವುದು ಅವರಿಗೆ ಮಾಡುವ ಇನ್ನೊಂದು ಅವಮಾನವಾಗಬಹುದು. ಆದರೆ ಆ ಮಾತಿನಲ್ಲಿ ಬೇಡವೆಂಬುದಕ್ಕಿಂತ ಭಯವೇ ಹೆಚ್ಚಾಗಿ ಕೇಳಿಸುತ್ತದೆ. ಮೊದಲು ಆ ಭಯದ ಕಾರಣವನ್ನು ನೀಗಿ. ಆಕೆಯನ್ನು ಅಲ್ಲಿಂದ ಹೊರಗೆ ಕರೆತಂದು, ಮಗಳ ಮನೆಯಲ್ಲೋ ತಂಗಿಯ ಮನೆಯಲ್ಲೋ ಹದಿನೈದು ದಿನ ಇರಿಸಿ, ಆಮೇಲೆ ಅದೇ ಪ್ರಶ್ನೆಯನ್ನು ಕೇಳಿ ನೋಡಿ. ಸಿರಾಖನ ಗ್ರಂಥದ 3ನೆಯ ಅಧ್ಯಾಯವು ತಂದೆಯ ಬುದ್ಧಿ ಮಂದವಾದಾಗಲೂ ಸೈರಿಸಿಕೊಳ್ಳಬೇಕೆಂದು ಮಗನಿಗೆ ಹೇಳುತ್ತದೆ. ಮರೆವಿನವರು ಹೇಳಿದ್ದೆಲ್ಲ ಸುಳ್ಳೆಂದು ತಳ್ಳಿಹಾಕದಿರುವುದೂ ಆ ಸೈರಣೆಯ ಭಾಗ. ನಿನ್ನೆಯ ಊಟವನ್ನು ಮರೆತವರ ಮೈ ನಿನ್ನೆಯ ಪೆಟ್ಟನ್ನು ಮರೆತಿರುವುದಿಲ್ಲ.

ಹೀಗೆ ಹೊರಗೆ ಕರೆತಂದ ಮೇಲೆ ಬಹುಪಾಲು ಕುಟುಂಬಗಳು ಅಲ್ಲಿಗೆ ನಿಲ್ಲುತ್ತವೆ. ನಮ್ಮವರು ಬಂದರಲ್ಲ, ಇನ್ನು ರಂಪವೇಕೆ ಎನ್ನುತ್ತವೆ. ಇಲ್ಲಿಯೇ ನಮ್ಮ ತೀವ್ರವಾದ ಭಿನ್ನಾಭಿಪ್ರಾಯವಿರುವುದು. ನಿಮ್ಮ ತಾಯಿಯ ಮಂಚ ಖಾಲಿಯಾಯಿತು. ಅದೇ ಕೋಣೆಯಲ್ಲಿ ಉಳಿದ ಮಂಚಗಳಿದ್ದವು. ಅವುಗಳ ಮೇಲಿದ್ದವರಲ್ಲಿ ಕೆಲವರನ್ನು ನೋಡಲು ಯಾರೂ ಬರುವುದಿಲ್ಲ, ನಿಮ್ಮ ತಾಯಿಯನ್ನು ಕಟ್ಟಿದ ಕೈ ಅಲ್ಲಿಯೇ ಉಳಿದಿದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ನಾಡು ಬೆಚ್ಚಿತು. ಆ ವರ್ಷ ಅದಕ್ಕೆ ಹಿಂದಿನ ತಿಂಗಳುಗಳಲ್ಲಿಯೂ ಅಲ್ಲಿ ಸಾವುಗಳು ಆಗುತ್ತಲೇ ಇದ್ದವೆಂಬುದು ಆಮೇಲೆ ತಿಳಿಯಿತು. ಸರ್ಕಾರದ ಕಣ್ಣೆದುರಿನ ಕೇಂದ್ರದಲ್ಲಿ ಅದು ಅಷ್ಟು ಕಾಲ ಹೊರಗೆ ಬಾರದಿದ್ದುದೇಕೆ? ನಮ್ಮ ಮಟ್ಟಿಗೆ ಉತ್ತರ ಸ್ಪಷ್ಟ. ಒಳಗಿದ್ದವರನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ಆಸ್ಟ್ರೇಲಿಯಾದ ಅಡಿಲೇಡ್ ನಗರದ ಓಕ್‌ಡೆನ್ ಎಂಬ ಸರ್ಕಾರಿ ಆರೈಕೆ ಕೇಂದ್ರದ ಸಂಗತಿ. ಮರೆವಿನ ರೋಗದ ವೃದ್ಧರೊಬ್ಬರನ್ನು ಅಲ್ಲಿ ಸೇರಿಸಿದ್ದ ಕುಟುಂಬಕ್ಕೆ ಅವರ ಮೈಮೇಲೆ ವಿವರಣೆಯಿಲ್ಲದ ಗಾಯಗಳು ಕಂಡವು. ಬರೆದುಕೊಟ್ಟ ಪ್ರಮಾಣದ ಹತ್ತು ಪಟ್ಟು ಔಷಧ ಕೊಟ್ಟಿದ್ದುದೂ ತಿಳಿಯಿತು. ಆ ಹಿರಿಯರು 2016ರಲ್ಲಿ ತೀರಿಕೊಂಡರು. ಕುಟುಂಬದವರು ದುಃಖವನ್ನು ನುಂಗಿಕೊಂಡು ಸುಮ್ಮನಿರಬಹುದಿತ್ತು. ಅವರು ದೂರನ್ನು ಬಿಡಲಿಲ್ಲ. 2017ರಲ್ಲಿ ತನಿಖಾ ವರದಿ ಬಂದಿತು, ಅದೇ ವರ್ಷ ಕೇಂದ್ರ ಮುಚ್ಚಿತು. 2018ರಲ್ಲಿ ಇಡೀ ದೇಶದ ವೃದ್ಧರ ಆರೈಕೆಯನ್ನು ಶೋಧಿಸಲು ರಾಯಲ್ ಕಮಿಷನ್ ನೇಮಕವಾಗಿ 2021ರಲ್ಲಿ ಅಂತಿಮ ವರದಿ ಕೊಟ್ಟಿತು. ತಮ್ಮವರು ಮರಳಿ ಬರಲಾರರೆಂದು ತಿಳಿದೂ ಒಂದು ಮನೆಯವರು ಪಟ್ಟು ಬಿಡದುದೇ ಇಷ್ಟಕ್ಕೆಲ್ಲ ಮೊದಲಾಯಿತು.

ಕೊನೆಗೆ ನಮ್ಮವರೇ ನಡೆಸುವ ಆಶ್ರಮಗಳ ಮಾತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಡವರ ಪುಟ್ಟ ಸೋದರಿಯರು ಬಹು ಕಾಲದಿಂದ ನಡೆಸಿಕೊಂಡು ಬಂದಿರುವ ವೃದ್ಧರ ಮನೆಯಂಥವು ಧರ್ಮಸಭೆಯ ಹೆಮ್ಮೆ. ಆ ಸಭೆಯ ಸ್ಥಾಪಕಿ ಸಂತ ಜಾನ್ ಜುಗಾನ್ 1839ರಲ್ಲಿ ಫ್ರಾನ್ಸಿನ ಒಂದು ಊರಿನಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳನ್ನು ಮನೆಗೆ ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆದರೆ ಈ ಹೆಮ್ಮೆಯೇ ಬಾಯಿಗೆ ಬೀಗವಾಗಬಾರದು. ಸಿಸ್ಟರ್ ಮೇಲೆ ದೂರು ಹೇಳಿದರೆ ಪಾಪ ಬರುತ್ತದೆ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ದೂರು ಹೇಳುವುದರಲ್ಲಿ ಪಾಪವಿಲ್ಲ, ಪೆಟ್ಟನ್ನು ಕಂಡೂ ಸುಮ್ಮನಿರುವುದರಲ್ಲಿ ಇದೆ. 2018ರ ಫೆಬ್ರವರಿಯಲ್ಲಿ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಪಾಲೇಶ್ವರಂನಲ್ಲಿ ಕಥೋಲಿಕ ಗುರುವೊಬ್ಬರು ನಡೆಸುತ್ತಿದ್ದ, ಸಾಯುವ ನಿರ್ಗತಿಕರ ಆಶ್ರಮದ ಮೇಲೆ ಆರೋಪಗಳು ಬಂದಾಗ ಎರಡು ಗುಂಪುಗಳಾದವು. ಒಂದು ಕೇಳಿದ ವದಂತಿಯನ್ನೆಲ್ಲ ನಂಬಿತು. ಇನ್ನೊಂದು ಗುರುಗಳ ಮೇಲೆ ಬಂದದ್ದೆಂಬ ಕಾರಣಕ್ಕೇ ಎಲ್ಲವನ್ನೂ ಸುಳ್ಳೆಂದಿತು. ನಡೆಸುತ್ತಿದ್ದವರು ಆರೋಪಗಳನ್ನು ಅಲ್ಲಗಳೆದರು, ಅಧಿಕಾರಿಗಳು ಬಂದು ನೂರಾರು ನಿವಾಸಿಗಳನ್ನು ಬೇರೆಡೆಗೆ ಸಾಗಿಸಿದರು. ಹೀಗಾಗದಂತೆ ತಡೆಯುವ ದಾರಿ ಒಂದೇ. ನಮ್ಮ ಆಶ್ರಮಗಳು ಸರ್ಕಾರದ ತಪಾಸಣೆಗೂ, ಯಾವ ಹೊತ್ತಿನಲ್ಲಾದರೂ ಬರುವ ಬಂಧುಗಳಿಗೂ ಬಾಗಿಲು ತೆರೆದಿಡಬೇಕು. ಧರ್ಮಕೇಂದ್ರದ ಗುರುಗಳಿಗೆ ವಿಷಯ ತಿಳಿಸುವುದು ಉಚಿತವೇ. ಆದರೆ ಗುರುಗಳಿಗೆ ಹೇಳಿದ್ದು ಅಧಿಕಾರಿಗಳಿಗೆ ಕೊಡಬೇಕಾದ ದೂರಿಗೆ ಬದಲಿಯಾಗದು. ಗುರುಗಳೂ ಅದನ್ನು ಸಂಧಾನದ ವಿಷಯವೆಂದು ತಿಳಿಯಬಾರದು.

ದೂರುವಾಗ ಆಯಾ ಒಬ್ಬಳನ್ನೇ ಹಿಡಿದು ತೃಪ್ತರಾಗುವುದನ್ನೂ ನಾವು ಒಪ್ಪುವುದಿಲ್ಲ. ಹನ್ನೆರಡು ಗಂಟೆಯ ಪಾಳಿಯಲ್ಲಿ ಒಬ್ಬಳೇ ಇಡೀ ಹಜಾರವನ್ನು ನೋಡಿಕೊಳ್ಳಬೇಕಾದ, ಅಲ್ಪ ಸಂಬಳದ ಹೆಂಗಸಿನ ತಾಳ್ಮೆ ಎಲ್ಲಿಯವರೆಗೆ ನಿಂತೀತು? ಆಕೆಯ ಪೆಟ್ಟಿಗೆ ಕ್ಷಮೆಯಿಲ್ಲ. ಆದರೆ ರಾತ್ರಿ ಪಾಳಿಗೆ ಎಷ್ಟು ಜನರಿದ್ದಾರೆ ಎಂಬುದನ್ನು ಸೇರಿಸುವ ದಿನವೇ ಕೇಳಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು.

ನಮ್ಮ ನಾಲ್ಕೂ ಊರುಗಳ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳಿವೆ. ಊರು ಬಿಟ್ಟು ಆಶ್ರಮ ಸೇರಿದ ಹಿರಿಯರ ಪುಸ್ತಕ ಮಾತ್ರ ಇಲ್ಲ. ಮೂವತ್ತು ವರ್ಷ ಮುಂದಿನ ಸಾಲಿನಲ್ಲಿ ಮೊಣಕಾಲೂರಿದವರು ಒಂದು ಭಾನುವಾರ ಕಾಣದಾದರೆ, ಮುಂದೆ ಅವರ ಹೆಸರು ಕೇಳಿಬರುವುದು ಮರಣದ ಪುಸ್ತಕದಲ್ಲಿಯೇ. ವಿನ್ಸೆಂಟ್ ದೆ ಪೌಲ್ ಸಭೆಯವರೋ ಮರಿಯಾ ಸೇನೆಯವರೋ ಒಂದು ನೂರು ಪುಟದ ನೋಟ್ ಪುಸ್ತಕ ತೆರೆಯಲಿ. ಹಿರಿಯರ ಹೆಸರು, ಆಶ್ರಮದ ವಿಳಾಸ, ಆಡುವ ಭಾಷೆ, ನುಂಗುವ ಮಾತ್ರೆ, ಕೊನೆಯದಾಗಿ ಯಾರು ಯಾವ ದಿನ ಹೋಗಿ ನೋಡಿದರು ಎಂಬ ಐದು ಅಂಕಣಗಳಿದ್ದರೆ ಸಾಕು. ಪರಮಪ್ರಸಾದ ಕೊಂಡೊಯ್ಯುವ ಗುರುಗಳೊಡನೆ ಇಬ್ಬರು ಹೋಗಿ, ನಮ್ಮ ಊರಿನವರ ಜೊತೆಗೆ ಪಕ್ಕದ ಮಂಚದವರನ್ನೂ ಅವರವರ ಭಾಷೆಯಲ್ಲಿ ಮಾತನಾಡಿಸಿ ಬರಲಿ. ಮನೆಯಲ್ಲಿ ಯಾರಾದರೂ ಹಾಗೆ ದೂರದಲ್ಲಿದ್ದರೆ, ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹೆಸರನ್ನು ಬರೆಸಿ.